ಮೊದಲು ಕ್ರಿಯಾಪದ ಹುಡುಕಿ: ಆನ್‌ಲೈನ್‌ನಲ್ಲಿ ಮೇಲಿನ ಹಂತದ ಸಂಸ್ಕೃತ ಓದುವವರಿಗೆ

ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತಗೊಂಡು, 125ಕ್ಕೆ ಒಳ್ಳೇ ಮಾರ್ಕ್ಸ್ ತೆಗೆದವರು ನಮ್ಮ ಗಂಗಾವತಿಯಲ್ಲೂ ಇದ್ದಾರೆ. ಅವರ ಮುಂದೆ ಒಂದು ಕಾವ್ಯದ ಪುಟ ಇಡಿ. ‘ಏನ್ರೀ ಇದು, ಪದ ಎಲ್ಲಿ ಮುಗಿತೈತೋ ಅದೂ ಗೊತ್ತಾಗವಲ್ದು’ ಅಂತಾರೆ. ಪರೀಕ್ಷೆಗೆ ಓದಿದ ಸಂಸ್ಕೃತಕ್ಕೂ, ಟೀಕೆ (ಹಳೆಯ ಪಂಡಿತರ ವ್ಯಾಖ್ಯಾನ) ಇಟ್ಟುಕೊಂಡು ಕಾವ್ಯ ಓದುವ ಸಂಸ್ಕೃತಕ್ಕೂ ಅಷ್ಟು ದೂರ ಇದೆ. ನಾನು ಇಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸಂಜೆ ಆಫೀಸಿನ ಕೆಲಸ ಮುಗಿದ ಮೇಲೆ ಅದೇ ಟೇಬಲ್ಲಿನ ಮೇಲೆ ಫೋನ್ ನಿಲ್ಲಿಸಿಕೊಂಡು ಪಾಠ ಕೇಳುತ್ತೇನೆ. ಹೊಸದಾಗಿ ಸೇರುವವರು ಕೇಳಿದರೆ ನಾನು ಹೇಳುವುದು ಒಂದೇ ಮಾತು: ಕ್ಲಾಸಿಗೆ ಬರಿಗೈಲಿ ಹೋಗಬೇಡಿ. ಅವತ್ತಿನ ಶ್ಲೋಕದ ಅನ್ವಯವನ್ನು, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸಿದ ಸಾಲನ್ನು, ನೀವೇ ಬರೆದುಕೊಂಡು ಹೋಗಿ. ತಪ್ಪಿದ್ದರೂ ಪರವಾಗಿಲ್ಲ.

ಸೇರುವ ಮುಂಚೆ ನಿಮ್ಮ ಮಟ್ಟ ನೋಡಿಕೊಳ್ಳಿ. ಸಂಸ್ಕೃತ ಕಲಿಸುವ ಸಂಸ್ಥೆ ಸಂಸ್ಕೃತ ಭಾರತಿಯ ಅಂಚೆ ಪಾಠದಲ್ಲಿ ಪ್ರವೇಶ, ಪರಿಚಯ, ಶಿಕ್ಷಾ, ಕೋವಿದ ಅಂತ ನಾಲ್ಕು ಹಂತ ಇವೆ. ಕೋವಿದದ ಹತ್ತಿರ ಬಂದಿದ್ದರೆ ಕಾವ್ಯದ ಕ್ಲಾಸಿಗೆ ಧೈರ್ಯವಾಗಿ ಸೇರಬಹುದು. ಅದ್ಯಾವುದೂ ಮಾಡಿಲ್ಲವಾ? ಹಾಗಾದರೆ ರಾಮ, ಹರಿ, ಗುರು, ನದೀ, ಪಿತೃ ಶಬ್ದಗಳನ್ನು ಪುಸ್ತಕ ನೋಡದೆ ಹೇಳಿ ನೋಡಿ. ಕ್ರಿಯಾಪದದ ಲಟ್ (ವರ್ತಮಾನ), ಲಙ್ (ಭೂತ), ಲೋಟ್ (ಆಜ್ಞೆ), ವಿಧಿಲಿಙ್ (ವಿಧಿ), ಲೃಟ್ (ಭವಿಷ್ಯತ್) ರೂಪಗಳು ಕಂಡರೆ ಗುರುತು ಸಿಗಬೇಕು. ಇಷ್ಟು ಇಲ್ಲದೆ ಮೇಲಿನ ಹಂತಕ್ಕೆ ದುಡ್ಡು ಕಟ್ಟುವುದು ದಂಡ.

ಫೀಸು ಕಟ್ಟುವ ಮೊದಲು ಒಂದು ಮಾದರಿ ಕ್ಲಾಸಿನಲ್ಲಿ ಕೂತುಕೊಳ್ಳಿ. ಮೇಷ್ಟ್ರು ವಿದ್ಯಾರ್ಥಿಗಳಿಂದ ಓದಿಸುತ್ತಾರಾ, ಇಲ್ಲಾ ತಾವೇ ಹೇಳಿಕೊಂಡು ಹೋಗುತ್ತಾರಾ ಅನ್ನುವುದು ಮುಖ್ಯ. ಕಾಳಿದಾಸನ ಉಪಮೆ ಎಷ್ಟು ಚಂದ ಅಂತ ಒಂದು ಗಂಟೆ ಕೇಳಿದರೆ ಮನಸ್ಸಿಗೆ ಹಿತ. ಆದರೆ ನಾಳೆ ಹೊಸ ಶ್ಲೋಕ ಬಿಡಿಸುವಾಗ ಅದು ಕೈಗೆ ಬರುವುದಿಲ್ಲ. ಇಪ್ಪತ್ತು ಜನರೊಳಗಿನ ಬ್ಯಾಚ್ ಇದ್ದರೆ ನಿಮ್ಮ ಸರದಿಯೂ ಬರುತ್ತೆ. ರೆಕಾರ್ಡಿಂಗ್ ಮಾತ್ರ ಕೊಡುವ ಕೋರ್ಸು ಅಗ್ಗ ನಿಜ. ಆದರೆ ಪ್ರಶ್ನೆ ಕೇಳುವವರೇ ಇಲ್ಲದಿದ್ದರೆ ಯಾರು ಅನ್ವಯ ಬರೀತಾರೆ, ಅಲ್ವಾ?

ನಮ್ಮ ಭತ್ತದ ಸೀಮೆಯವರು ತಿಂಗಳು ನೋಡಿಯೂ ಸೇರಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರಿನ ಭತ್ತ ಬರುತ್ತೆ. ಕಾಲುವೆಗೆ ನೀರು ಬಿಟ್ಟ ವರ್ಷ ಏಪ್ರಿಲ್, ಮೇ ಹೊತ್ತಿಗೆ ಬೇಸಿಗೆ ಬೆಳೆ ಬೇರೆ. ವೇಬ್ರಿಡ್ಜ್ ಮುಂದೆ ಲಾರಿ ಸಾಲುಗಟ್ಟಿದಾಗ ತಲೆಯೊಳಗೆ ತತ್ಪುರುಷವೂ ಇಳಿಯಲ್ಲ, ಬಹುವ್ರೀಹಿಯೂ ಇಳಿಯಲ್ಲ. ಜೂನ್‌ನಲ್ಲಿ ಶುರುವಾಗುವ ಬ್ಯಾಚ್ ಆದರೆ ಸುಗ್ಗಿ ಬರುವಷ್ಟರಲ್ಲಿ ಕಾವ್ಯದ ಒಂದು ಸರ್ಗ, ಅಂದರೆ ಒಂದು ಅಧ್ಯಾಯ, ಕೈಯಲ್ಲಿರುತ್ತೆ.

ಇನ್ನು ಅನ್ವಯ. ಕವಿ ಭಾರವಿಯ ಕಿರಾತಾರ್ಜುನೀಯ ಕಾವ್ಯದ ಮೊದಲ ಶ್ಲೋಕವನ್ನೇ ನೋಡೋಣ. ಈ ಕಾವ್ಯದ ಮೊದಲ ಮೂರು ಸರ್ಗಗಳಿಗೆ ಪಾಷಾಣತ್ರಯ ಅಂತಲೇ ಹೆಸರು, ಅಂದರೆ ಮೂರು ಕಲ್ಲುಬಂಡೆ. ಹೆದರಬೇಡಿ, ಕಥೆ ಮಾತ್ರ ಬಿಸಿಬಿಸಿಯಾಗಿದೆ.

ಶ್ರಿಯಃ ಕುರೂಣಾಮಧಿಪಸ್ಯ ಪಾಲನೀಂ
ಪ್ರಜಾಸು ವೃತ್ತಿಂ ಯಮಯುಂಕ್ತ ವೇದಿತುಮ್ |
ಸ ವರ್ಣಿಲಿಂಗೀ ವಿದಿತಃ ಸಮಾಯಯೌ
ಯುಧಿಷ್ಠಿರಂ ದ್ವೈತವನೇ ವನೇಚರಃ ||

ಮೊದಲ ಪದದಿಂದ ಅರ್ಥ ಮಾಡಲು ಹೊರಟರೆ ‘ಶ್ರಿಯಃ’ ಹತ್ತಿರವೇ ಕೂತುಬಿಡುತ್ತೀರಿ. ಕ್ರಿಯಾಪದ ಹುಡುಕಿ. ಎರಡು ಸಿಗುತ್ತವೆ: ಅಯುಂಕ್ತ, ಸಮಾಯಯೌ. ನೇಮಿಸಿದ, ಬಂದ. ಎರಡು ಕ್ರಿಯಾಪದ ಇದ್ದರೆ ಎರಡು ವಾಕ್ಯ. ಅವನ್ನು ಕೂಡಿಸುವ ಕೊಂಡಿ ಎಲ್ಲಿ? ‘ಯಂ’ ಮತ್ತು ‘ಸ’. ಯಾರನ್ನು ನೇಮಿಸಿದ್ದನೋ ಅವನು ಬಂದ. ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಪ್ರಶ್ನೆ ಹಾಕುತ್ತಾ ಹೋಗಿ. ಬಂದವನು ಯಾರು? ವನೇಚರಃ, ಕಾಡಿನವನು. ಎಂಥವನು? ವರ್ಣಿಲಿಂಗೀ, ಬ್ರಹ್ಮಚಾರಿಯ ವೇಷದವನು. ಯಾರ ಹತ್ತಿರ? ಯುಧಿಷ್ಠಿರಂ. ಎಲ್ಲಿ? ದ್ವೈತವನೇ. ನೇಮಿಸಿದ್ದು ಏಕೆ? ವೇದಿತುಮ್, ತಿಳಿಯಲು. ಏನನ್ನು? ವೃತ್ತಿಂ. ಎಂಥ ವೃತ್ತಿ? ದುರ್ಯೋಧನನ ಸಿರಿಯನ್ನು ಕಾಪಾಡುವಂಥದ್ದು. ಅವನು ಪ್ರಜೆಗಳ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅಂತ ತಿಳಿದು ಬಾ ಎಂದು ಯುಧಿಷ್ಠಿರ ಕಳಿಸಿದ ಗೂಢಚಾರ ಇವನು.

ಉತ್ತರಗಳನ್ನು ಗದ್ಯದ ಸಾಲಾಗಿ ಜೋಡಿಸಿ ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಬರೆಯಿರಿ. ಬಲಗಡೆ ಪುಟ ಖಾಲಿ ಬಿಡಿ. ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದು ಅಲ್ಲಿಗೆ. ಎರಡೂ ಎದುರುಬದುರು ಇದ್ದಾಗ ಎಲ್ಲಿ ವ್ಯತ್ಯಾಸ ಅಂತ ತಾನೇ ಕಾಣುತ್ತೆ.

ಆಮೇಲೆ ಮಲ್ಲಿನಾಥನನ್ನು ತೆರೆಯಿರಿ, ಮೊದಲೇ ಅಲ್ಲ. ‘ಎಲ್ಲವನ್ನೂ ಅನ್ವಯದ ಮೂಲಕವೇ ವಿವರಿಸುತ್ತೇನೆ, ಆಧಾರ ಇಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಬರೆದ ಟೀಕಾಕಾರ ಅವನು. ಈ ಕಾವ್ಯಕ್ಕೆ ಅವನ ಟೀಕೆ ಘಂಟಾಪಥ. ‘ವಿದಿತಃ’ ಅನ್ನುವಲ್ಲಿ ಅವನ ಬೆಲೆ ಗೊತ್ತಾಗುತ್ತೆ. ನಾವು ‘ತಿಳಿದದ್ದು’ ಎಂದು ಕರ್ಮಣಿಯಲ್ಲಿ ತಗೊಂಡರೆ ‘ಎಲ್ಲರಿಗೂ ಗೊತ್ತಾದ ಗೂಢಚಾರ’ ಅಂತಾಗುತ್ತೆ. ಅವನನ್ನು ಕಟ್ಟಿಕೊಂಡು ಯುಧಿಷ್ಠಿರ ಏನು ಮಾಡಬೇಕು! ಮಲ್ಲಿನಾಥ ಅಲ್ಲಿ ‘ತಿಳಿವಳಿಕೆ ಉಳ್ಳವನು’ ಎಂದು ಬಿಡಿಸಿ, ಅದಕ್ಕೆ ಪಾಣಿನಿಯ ವ್ಯಾಕರಣ ಸೂತ್ರವನ್ನೂ ಕೊಡುತ್ತಾನೆ. ಅಂದರೆ ಎದುರಾಳಿಯ ವಿಷಯ ತಿಳಿದುಕೊಂಡು ಬಂದವನು. ನೀವು ಮೊದಲೇ ಒದ್ದಾಡಿದ್ದರೆ ಮಾತ್ರ ಈ ಒಂದು ಸಾಲು ಮನಸ್ಸಿನಲ್ಲಿ ಉಳಿಯುತ್ತೆ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಅದರ ಪಕ್ಕದಲ್ಲೇ ಒಂದು ತೊಡಕು. ಶಾಲೆಯ ಕನ್ನಡ ವ್ಯಾಕರಣದಲ್ಲೇ ತತ್ಪುರುಷ, ಕರ್ಮಧಾರಯ, ದ್ವಂದ್ವ, ಬಹುವ್ರೀಹಿ ಕಲಿತಿರುತ್ತೇವೆ. ಆದರೆ ಅಂಶಿ, ಕ್ರಿಯಾ, ಗಮಕ ಸಮಾಸಗಳನ್ನು ಇಲ್ಲಿ ಬಿಟ್ಟುಬಿಡಿ. ಸಂಸ್ಕೃತದ ಲೆಕ್ಕದಲ್ಲಿ ಅವ್ಯಯೀಭಾವ ಸೇರುತ್ತೆ. ಕರ್ಮಧಾರಯ, ದ್ವಿಗು ಎರಡೂ ತತ್ಪುರುಷದ ಒಳಗೇ ಬರುತ್ತವೆ. ವಿಭಕ್ತಿ ಬಿಡದೆ ಉಳಿಯುವ ಅಲುಕ್ ಸಮಾಸವೂ ಒಂದಿದೆ. ಮೇಲಿನ ಶ್ಲೋಕದ ಕೊನೇ ಸಾಲಿನ ಯುಧಿಷ್ಠಿರ, ವನೇಚರ ಎರಡೂ ಅದೇ. ಇನ್ನು ಕರ್ಮಣಿ ಪ್ರಯೋಗ. ಕನ್ನಡದ ಮಾತಿನಲ್ಲಿ ಅದು ಅಪರೂಪ, ಸಂಸ್ಕೃತದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತೆ. ತೃತೀಯಾ ವಿಭಕ್ತಿ ಕಂಡ ಕೂಡಲೇ ಕರ್ತೃ ಇರಬಹುದೇನೋ ಅಂತ ಅನುಮಾನ ಪಡಿ.

ನಿಘಂಟಿಗೆ ಕಾವ್ಯ ಓದುವವರು ಆಪ್ಟೆಯವರ ಸಂಸ್ಕೃತ-ಇಂಗ್ಲಿಷ್ ನಿಘಂಟನ್ನು ಇಟ್ಟುಕೊಳ್ಳಿ. ಕಾವ್ಯಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಕೊಟ್ಟಿರುವುದರಿಂದ ಸುಲಭ. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆಪ್ಟೆ, ಮೋನಿಯರ್ ವಿಲಿಯಮ್ಸ್ ನಿಘಂಟುಗಳೆರಡೂ ಉಚಿತ. ಮಲ್ಲಿನಾಥ ಕೊಟ್ಟ ಸೂತ್ರ ಹುಡುಕಲು ಅಷ್ಟಾಧ್ಯಾಯಿ ಡಾಟ್ ಕಾಮ್ ಸಾಕು. ಪಾಣಿನಿಯ ಸುಮಾರು 4,000 ಸೂತ್ರಗಳನ್ನೂ ಕಂಠಪಾಠ ಮಾಡಿಯೇ ಕಾವ್ಯಕ್ಕೆ ಬರುತ್ತೇನೆ ಅನ್ನುವವರು ಬರುವುದೇ ಇಲ್ಲ.

ಒಬ್ಬ ಜೊತೆಗಾರ ಬೇಕು. ನನಗೆ ಕಾರಟಗಿಯ ಒಬ್ಬ ಮೇಷ್ಟ್ರು ಸಿಕ್ಕಿದ್ದಾರೆ. ಕ್ಲಾಸಿನ ಹಿಂದಿನ ದಿನ ಫೋನ್ ಮಾಡಿ ‘ಏನ್ ಸರ, ಕ್ರಿಯಾಪದ ಸಿಕ್ತೇನ್ರಿ?’ ಅಂತ ಕೇಳುತ್ತಾರೆ. ಇಲ್ಲ ಅನ್ನಲು ನಾಚಿಕೆಯಾಗಿ ನಾನು ಪುಸ್ತಕ ತೆಗೆಯುತ್ತೇನೆ.

ರಜೆಯಲ್ಲಿ ಪಾಠ ಬಿಟ್ಟುಹೋಗದಂತೆ ಶಾಸನದ ಶ್ಲೋಕಗಳನ್ನು ಬಿಡಿಸಿ. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಶಾಸನ ಇದೆ. ಲಿಪಿಯ ಜೊತೆ ಗುದ್ದಾಡಬೇಡಿ, ಶಾಸನಗಳನ್ನು ಅಚ್ಚು ಹಾಕುವ ಎಪಿಗ್ರಾಫಿಯಾ ಇಂಡಿಕಾ ಮಾಲೆಯ ಮೊದಲ ಸಂಪುಟದಲ್ಲಿ ಅದರ ಪಾಠ ಅಚ್ಚಾಗಿದೆ. ಇನ್ನೂ ಸುಲಭದ್ದು ಬೇಕಾದರೆ ‘ನಮಸ್ತುಂಗಶಿರಶ್ಚುಂಬಿಚಂದ್ರಚಾಮರಚಾರವೇ’ ಸಾಲು. ಬಾಣನ ಹರ್ಷಚರಿತದ ಮೊದಲ ಶ್ಲೋಕ ಇದು, ಶಿವನ ಸ್ತುತಿ; ನಮ್ಮ ಕಡೆಯ ಎಷ್ಟೋ ಶಾಸನಗಳು ಇದರಿಂದಲೇ ಶುರುವಾಗುತ್ತವೆ. ಇಲ್ಲಿ ಕ್ರಿಯಾಪದವೇ ಇಲ್ಲ. ಅದರ ಜಾಗದಲ್ಲಿ ‘ನಮಃ’ ಕೂತಿದೆ, ಅದಕ್ಕೇ ಕೊನೆಯಲ್ಲಿ ಚತುರ್ಥೀ ಬಂದಿದೆ. ಬಿಡಿಸುವಾಗ ಹಿಂದಿನಿಂದ ಬನ್ನಿ: ಚಾಮರದಿಂದ ಚೆಲುವಾದವನು, ಆ ಚಾಮರ ಚಂದ್ರನೇ, ಆ ಚಂದ್ರ ಎತ್ತರದ ತಲೆಯನ್ನು ಮುಟ್ಟುವವನು. ಪ್ರತಿ ಹಂತಕ್ಕೂ ಸಮಾಸದ ಹೆಸರು ಬರೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಮುಂದಿನ ಕ್ಲಾಸಿನಲ್ಲಿ ಕೇಳಿ. ಶಾಸನ ಅಂದರೆ ಮೇಷ್ಟ್ರುಗಳಿಗೆ ಖುಷಿ, ಅವತ್ತು ಪಾಠ ಹತ್ತು ನಿಮಿಷ ಜಾಸ್ತಿ ಆಗುತ್ತೆ ಅಷ್ಟೆ.