ಮಗ ಫುಟ್‌ಬಾಲ್ ಸೇರ್ತೀನಿ ಅಂದರೆ, ಸಹಿಗೆ ಮುಂಚೆ ಇಷ್ಟು ತಿಳಿದಿರಲಿ

ಅಮೆರಿಕದ ಹೈಸ್ಕೂಲಿನಲ್ಲಿ ಮಗ ಫುಟ್‌ಬಾಲ್ (ಕಾಲ್ಚೆಂಡಲ್ಲ, ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಟೀಮ್ ಸೇರಿದರೆ ಮನೆಗೆ ಒಂದಷ್ಟು ಫಾರ್ಮ್ ಬರುತ್ತವೆ. ಅದರಲ್ಲಿ ಒಂದು ಕನ್‌ಕಷನ್‌ನದ್ದು, ಅಂದರೆ ತಲೆಯ ಒಳಪೆಟ್ಟಿನದ್ದು. ಸುಮ್ನೆ ಸಹಿ ಹಾಕಿ ಕಳಿಸಬೇಡಿ. ಅದರ ತೂಕ ಗೊತ್ತಾಗಬೇಕಾದರೆ ಹ್ಯಾರಿ ಕಾರ್ಸನ್ ಅವರನ್ನು ನೋಡಬೇಕು.

ಕಾರ್ಸನ್ 1976ರಿಂದ 1988ರವರೆಗೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ (NFL) ನ್ಯೂಯಾರ್ಕ್ ಜೈಂಟ್ಸ್ ತಂಡದ ಲೈನ್‌ಬ್ಯಾಕರ್, ಅಂದರೆ ರಕ್ಷಣಾ ಆಟಗಾರ. ಎದುರಾಳಿಯನ್ನು ಢಿಕ್ಕಿ ಹೊಡೆದು ಕೆಡವುವುದೇ ಕೆಲಸ. ಒಂಬತ್ತು ಸಲ ಪ್ರೋ ಬೌಲ್‌ಗೆ (ಲೀಗ್‌ನ ಆಲ್‌ಸ್ಟಾರ್ ಪಂದ್ಯ) ಆಯ್ಕೆಯಾದರು, 1987ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಗೆದ್ದ ಕೋಚ್ ತಲೆ ಮೇಲೆ ಗೇಟರೇಡ್ ಎಂಬ ಪಾನೀಯ ಸುರಿಯುತ್ತಾರಲ್ವಾ, ಆ ತಮಾಷೆಗೆ ಹೆಸರು ಬಂದಿದ್ದೂ ಹೆಚ್ಚಾಗಿ ಇವರಿಂದಲೇ. ಆಟ ಬಿಟ್ಟ ಎರಡು ವರ್ಷಕ್ಕೆ, 1990ರಲ್ಲಿ, ಹಳೆಯ ತಲೆಪೆಟ್ಟುಗಳ ಪರಿಣಾಮ ಇನ್ನೂ ಉಳಿದಿದೆ ಎಂದು ಡಾಕ್ಟರ್ ಹೇಳಿದರು. ಅವರು ಅದನ್ನು ಮುಚ್ಚಿಡಲಿಲ್ಲ. 2006ರಲ್ಲಿ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗಲೂ, ನಿವೃತ್ತ ಆಟಗಾರರನ್ನು ಸರಿಯಾಗಿ ನೋಡಿಕೊಳ್ಳಿ ಎಂದು ಆ ವೇದಿಕೆಯಿಂದಲೇ ಲೀಗ್‌ಗೆ ಕೇಳಿದರು. ಮೊಮ್ಮಗನನ್ನು ಈ ಆಟಕ್ಕೆ ಬಿಡುವುದಿಲ್ಲ ಅಂತಲೂ ಬಹಿರಂಗವಾಗಿ ಹೇಳಿದ್ದಾರೆ. ಇಷ್ಟು ದೊಡ್ಡ ಆಟಗಾರನೇ ಹೀಗೆ ಹೇಳಿದ ಮೇಲೆ ನಾವು ಒಂದು ಗಳಿಗೆ ಯೋಚಿಸುವುದರಲ್ಲಿ ತಪ್ಪೇನಿಲ್ಲ.

ಈಗ ಕಾನೂನಿನ ವಿಷಯ. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಹುಡುಗನೊಬ್ಬ ತಲೆಗೆ ಪೆಟ್ಟಾದ ಮೇಲೂ ಅದೇ ಮ್ಯಾಚ್‌ನಲ್ಲಿ ಮತ್ತೆ ಆಡಿದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಬದುಕೇ ಬದಲಾಯಿತು. 2009ರಲ್ಲಿ ಆ ರಾಜ್ಯ ಕಾನೂನು ತಂದಿತು. ಈಗ ಎಲ್ಲ 50 ರಾಜ್ಯಗಳಲ್ಲೂ ಇಂಥ ಕಾನೂನಿದೆ. ವಿವರ ಬೇರೆ ಬೇರೆ, ತಿರುಳು ಹೆಚ್ಚುಕಮ್ಮಿ ಒಂದೇ: ಅನುಮಾನ ಬಂದರೂ ಸಾಕು, ಕೋಚ್ ಹುಡುಗನನ್ನು ಹೊರಗೆ ಕೂರಿಸಬೇಕು. ಆ ದಿನ ಮತ್ತೆ ಆಡುವ ಹಾಗಿಲ್ಲ. ವಾಪಸ್ ಹೋಗಲು ಪರವಾನಗಿ ಇರುವ ವೈದ್ಯಕೀಯ ಸಿಬ್ಬಂದಿಯ ಒಪ್ಪಿಗೆ ಬೇಕು, ಸಾಮಾನ್ಯವಾಗಿ ಬರಹದಲ್ಲೇ. "ನಮ್ಮ ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಬಿಡಿ ಸರ್" ಅಂದರೆ ನಡೆಯೋದಿಲ್ಲ.

ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬುಗುಟು ಇಲ್ಲದೆಯೂ, ಸ್ಕ್ಯಾನ್‌ನಲ್ಲಿ ಏನೂ ಕಾಣದೆಯೂ ಆಗಿರಬಹುದು. ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕು ಚುಚ್ಚುವುದು, ಓದುವಾಗ ಸಾಲು ತಪ್ಪುವುದು, ಸಣ್ಣದಕ್ಕೂ ರೇಗುವುದು, ಇವನ್ನು ಗಮನಿಸಿ. ಕೆಲವು ಲಕ್ಷಣ ಮಾರನೇ ದಿನ ಕಾಣಬಹುದು. ಮತ್ತೆ ಮತ್ತೆ ವಾಂತಿ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು ಕಂಡರೆ ನೇರ 911ಗೆ ಫೋನ್ ಮಾಡಿ.

ಮೈದಾನಕ್ಕಿಂತ ಮೊದಲು ಕ್ಲಾಸಿಗೆ ಮರಳುವುದು ಮುಖ್ಯ. ಸ್ಕೂಲ್ ಕೌನ್ಸಿಲರ್‌ಗೆ ಡಾಕ್ಟರ್ ಚೀಟಿ ಕೊಡಿ. ಹೋಮ್‌ವರ್ಕ್ ಕಡಿಮೆ ಮಾಡಿಸಬಹುದು, ಪರೀಕ್ಷೆ ಮುಂದಕ್ಕೆ ಹಾಕಿಸಬಹುದು. ಕೇಳಲು ಸಂಕೋಚ ಬೇಡ. ಆಮೇಲೆ ಆಟಕ್ಕೆ ಆರು ಹಂತಗಳಲ್ಲಿ ಮರಳುತ್ತಾರೆ, ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ. ನಡುವೆ ತಲೆನೋವು ಬಂದರೆ ಅಲ್ಲೇ ನಿಲ್ಲಿಸಿ ಒಂದು ಹಂತ ಹಿಂದೆ.

ಸೀಸನ್ ಶುರುವಾಗುವ ಮುಂಚೆ ಕೋಚ್‌ಗೆ ಒಂದು ಪ್ರಶ್ನೆ ಕೇಳಿ: ಅಥ್ಲೆಟಿಕ್ ಟ್ರೈನರ್ (ಆಟಗಾರರ ಗಾಯ ನೋಡಿಕೊಳ್ಳುವ ತರಬೇತಿ ಪಡೆದವರು) ಮ್ಯಾಚ್‌ಗೆ ಮಾತ್ರ ಬರ್ತಾರಾ, ಪ್ರಾಕ್ಟೀಸ್‌ಗೂ ಇರ್ತಾರಾ? ಉತ್ತರ ಹಿಡಿಸದಿದ್ದರೆ ಫ್ಲ್ಯಾಗ್ ಫುಟ್‌ಬಾಲ್ ಇದೆ. ಅಲ್ಲಿ ಕೆಡವುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆ ಪಟ್ಟಿ ಕೀಳುತ್ತಾರೆ ಅಷ್ಟೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ, ಮಗನನ್ನು ಒಪ್ಪಿಸಲು ಈ ಮಾತು ಕೆಲಸಕ್ಕೆ ಬರುತ್ತದೆ.