ಗ್ರೌಂಡ್ ಪ್ಲೇನ್ ಸೀಳಿದ್ದೇ ತಪ್ಪಾಗಿತ್ತು

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ತೂಗೋಕೆ ಒಂದು ಸರ್ಕ್ಯೂಟ್ ಬೋರ್ಡ್ ಮಾಡಿದ್ದೆ, ತೂಕವನ್ನ ಸಣ್ಣ ವೋಲ್ಟೇಜ್ ಮಾಡೋ ಲೋಡ್‌ಸೆಲ್‌ಗೆ ಆ ವೋಲ್ಟೇಜನ್ನ ಅಂಕಿ ಮಾಡೋ 24 ಬಿಟ್ ಎಡಿಸಿ ಚಿಪ್, ಪಕ್ಕದಲ್ಲೇ ಅದನ್ನ ಓದೋ ಮೈಕ್ರೋಕಂಟ್ರೋಲರ್. ತಟ್ಟೆ ಖಾಲಿ ಇದ್ರೂ ರೀಡಿಂಗ್ 40 ಗ್ರಾಂ ಮೇಲೆ ಕೆಳಗೆ ಕುಣೀತಿತ್ತು. ಮೂರು ದಿನ ಕೆಪಾಸಿಟರ್ ಹಾಕಿ ಹಾಕಿ ಸಾಕಾಯ್ತು.

ಆಮೇಲೆ ಲೇಔಟ್ ತೆಗೆದು ನೋಡಿದ್ರೆ, ಲೋಡ್ ಸೆಲ್ಲಿನ ಅನಲಾಗ್ ಭಾಗ, ಮೈಕ್ರೋಕಂಟ್ರೋಲರಿನ ಡಿಜಿಟಲ್ ಭಾಗ ಬೇರೆ ಇರ್ಲಿ ಅಂತ ನಾನೇ ಗ್ರೌಂಡ್ ಪ್ಲೇನನ್ನ, ಅಂದ್ರೆ ಕರೆಂಟು ವಾಪಸ್ ಬರೋ ಅಗಲ ತಾಮ್ರದ ಪದರವನ್ನ, ಮಧ್ಯೆ ಸೀಳಿದ್ದೆ, ವೇಗವಾಗಿ ಮಿಡಿಯೋ ಕ್ಲಾಕ್ ಸಿಗ್ನಲ್ಲಿನ ಟ್ರೇಸು (ತಾಮ್ರದ ಗೆರೆ) ಆ ಸೀಳಿನ ಮೇಲೇ ದಾಟಿತ್ತು. ಫಾಸ್ಟ್ ಸಿಗ್ನಲ್‌ನ ರಿಟರ್ನ್ ಕರೆಂಟು ಟ್ರೇಸಿನ ಅಡೀಲೇ ವಾಪಸ್ ಬರೋಕೆ ನೋಡುತ್ತೆ, ಅಲ್ಲಿ ದಾರಿ ಕಡಿದಿದ್ರೆ ಊರೆಲ್ಲಾ ಸುತ್ತಿ ಬರುತ್ತೆ, ಬರ್ತಾ ಅನಲಾಗ್ ಕಡೆಗೂ ನುಗ್ಗುತ್ತೆ. ಟ್ರೇಸ್ ಪಕ್ಕದಲ್ಲೇ ತಾಮ್ರದ ಮೇಲಿನ ಹಸಿರು ಲೇಪನ (ಮಾಸ್ಕ್) ಬ್ಲೇಡಲ್ಲಿ ಕೆರೆದು, ಸೀಳಿಗೆ ಅಡ್ಡ ತಾಮ್ರದ ಪಟ್ಟಿ ಬೆಸುಗೆ ಹಾಕ್ದೆ. ಕುಣಿತ 5 ಗ್ರಾಂಗೆ ಇಳೀತು! ಹೊಸ ಬೋರ್ಡಲ್ಲಿ ಸೀಳೇ ಇಲ್ಲ, ಒಂದೇ ಪ್ಲೇನು, ಅನಲಾಗ್ ಪಾರ್ಟ್ಸ್ ಮಾತ್ರ ಆ ಕಡೆ, ಡಿಜಿಟಲ್ ಪಾರ್ಟ್ಸ್ ಈ ಕಡೆ, ಈಗ ರೀಡಿಂಗ್ ಗಟ್ಟಿಯಾಗಿ ನಿಂತಿದೆ.