ಬಿಸಿಲಲ್ಲೇ ಹಾರುವ ಮಾದರಿ ವಿಮಾನ: ನಾನು ಕಟ್ಟಿದ ಬಗೆ

ಸೋಲಾರ್ ವಿಮಾನ ಅಂದ ತಕ್ಷಣ ಎಲ್ಲರೂ ಕೇಳುವುದು ಪ್ಯಾನೆಲ್ ಎಷ್ಟು ವಾಟ್ ಅಂತ. ನಾನು ಲೆಕ್ಕ ಶುರು ಮಾಡಿದ್ದು ಇನ್ನೊಂದು ತುದಿಯಿಂದ. ಏರದೆ, ಇಳಿಯದೆ ಒಂದೇ ಎತ್ತರದಲ್ಲಿ ಹಾರಲು ಈ ವಿಮಾನಕ್ಕೆ ಎಷ್ಟು ವಾಟ್ ಸಾಕು? ಅದು ಕಡಿಮೆ ಇದ್ದರೆ ಉಳಿದ ಕೆಲಸವೆಲ್ಲ ಹಗುರ.

ನನ್ನದು ಗ್ಲೈಡರ್ ರೂಪದ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 3.2 ಮೀಟರ್, ಅಗಲ ಸುಮಾರು 22 ಸೆಂ.ಮೀ. ಎಲ್ಲ ಸೇರಿ ತೂಕ 1.6 ಕೆ.ಜಿ. ಮೋಟಾರು ನಿಲ್ಲಿಸಿದರೆ 14 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಇಳಿಯುತ್ತದೆ. ವೇಗ ಸೆಕೆಂಡಿಗೆ ಏಳೂವರೆ ಮೀಟರ್. ಆ ಇಳಿತವನ್ನು ತಡೆಯಲು ಬೇಕಾದ್ದು ಬರೀ 8–9 ವಾಟ್. ಮೋಟಾರು, ಪ್ರೊಪೆಲ್ಲರ್ ಸೇರಿ ಕೊಟ್ಟಿದ್ದರಲ್ಲಿ ಅರ್ಧ ತಿಂದುಹಾಕುತ್ತವೆ. ಬಾಲ, ರೆಕ್ಕೆಯ ಫಲಕಗಳನ್ನು ಆಡಿಸುವ ಸರ್ವೊ ಮೋಟಾರು, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್‌ಗಳ ಪಾಲೂ ಸೇರಿಸಿ 20 ವಾಟ್ ಅಂತ ಇಟ್ಟುಕೊಂಡೆ. ತೂಕದ ವಿಷಯದಲ್ಲಿ ಮಾತ್ರ ಕರುಣೆ ತೋರಿಸಬಾರದು. ಅದೇ ರೆಕ್ಕೆಯ ಮೇಲೆ ತೂಕ ಶೇ. 10 ಏರಿದರೆ ಬೇಕಾದ ಶಕ್ತಿ ಶೇ. 15ರಷ್ಟು ಏರುತ್ತದೆ. ಹಾಗಾಗಿ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳಿಗೆಲ್ಲ ಹಗುರ ಬಾಲ್ಸಾ ಮರ, ಉದ್ದಕ್ಕೆ ಕಾರ್ಬನ್ ಕೊಳವೆ. ಅಂಟನ್ನೂ ತೂಗಿಯೇ ಹಾಕಿದೆ.

ಪ್ಯಾನೆಲ್ಲಿನ ಸೋಲಾರ್ ಸೆಲ್‌ಗಳು ಸನ್‌ಪವರ್ ಕಂಪನಿಯ ಸಿ60 ಮಾದರಿಯವು. 12.5 ಸೆಂ.ಮೀ. ಚೌಕ, ಮೂಲೆ ಕತ್ತರಿಸಿದ್ದು. ಒಂದೊಂದೂ ಸುಮಾರು 7 ಗ್ರಾಂ. ಒಳ್ಳೆ ಬಿಸಿಲಲ್ಲಿ 0.58 ವೋಲ್ಟ್, ಹತ್ತಿರ ಹತ್ತಿರ 6 ಆಂಪಿಯರ್. ಇವುಗಳ ತಂತಿಯೆಲ್ಲ ಬೆನ್ನ ಕಡೆಗೇ ಇರುವುದರಿಂದ ಮುಖದ ಮೇಲೆ ಗೆರೆಗಳಿಲ್ಲ. ಸ್ವಲ್ಪ ಬಾಗುತ್ತವೆ ಕೂಡ. 24 ಸೆಲ್ ಒಂದೇ ಸಾಲಿನಲ್ಲಿ ಕೂತವು. ಕಾಗದದ ಮೇಲೆ 80 ವಾಟ್ ದಾಟುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಹಾರಾಟದಲ್ಲಿ ನನಗೆ ಸಿಗುವುದು 50ರಿಂದ 60.

ಬೆಸುಗೆ ಹಾಕುವುದೇ ಇದರಲ್ಲಿ ತಾಳ್ಮೆ ಕೇಳುವ ಕೆಲಸ. ಸೆಲ್ಲಿನ ಬೆನ್ನಿಗೆ ಎದುರುಬದುರು ಎರಡು ಅಂಚಿನಲ್ಲಿ ಮೂರು ಮೂರು ಬಿಂದುಗಳಿರುತ್ತವೆ. ಒಂದು ಅಂಚು ಪಾಸಿಟಿವ್, ಇನ್ನೊಂದು ನೆಗೆಟಿವ್. ಮಲ್ಟಿಮೀಟರ್ ಹಿಡಿದು ನೋಡಿ, ಪೆನ್ನಲ್ಲಿ ಗುರುತು ಹಾಕಿಕೊಂಡೆ. ಚಪ್ಪಟೆ ಗಾಜಿನ ಮೇಲೆ ಸೆಲ್ ಮಲಗಿಸಿ, ಬಿಂದುವಿಗೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಿ, ತವರ ಮೆತ್ತಿದ ತೆಳು ತಾಮ್ರದ ಪಟ್ಟಿ ಇಟ್ಟು, ಬಿಸಿ ಕಡ್ಡಿಯನ್ನು ಒಂದೆರಡು ಸೆಕೆಂಡು ಮಾತ್ರ ಮುಟ್ಟಿಸಬೇಕು. ಒತ್ತಬಾರದು. ಒತ್ತಿದರೆ ಚಿಟ್ ಅಂತ ಸದ್ದು ಕೇಳುತ್ತದೆ, ಸೆಲ್ ಹೋಯಿತು ಅಂತಲೇ ಲೆಕ್ಕ. ಎರಡು ಸೆಲ್‌ಗಳ ನಡುವಿನ ಪಟ್ಟಿಯನ್ನು ಬಿಗಿಯಾಗಿ ಎಳೆಯದೆ ಸಣ್ಣ ಉಬ್ಬು ಬಿಟ್ಟೆ. ಹಾರುವಾಗ ರೆಕ್ಕೆ ಬಾಗುತ್ತದೆ ಅಲ್ವಾ, ಆ ಉಬ್ಬು ಇಲ್ಲದಿದ್ದರೆ ಕಿತ್ತುಬರುವುದು ಬೆಸುಗೆಯೇ.

ರೆಕ್ಕೆಯ ಮುಂಭಾಗದ ಡೊಂಕಿನ ಮೇಲೆ ಸೆಲ್ ಕೂರಿಸುವ ಆಸೆ ಬೇಡ. ಬಿರುಕು ಬಿಡುತ್ತದೆ, ಗಾಳಿಯ ಹರಿವೂ ಕೆಡುತ್ತದೆ. ಡೊಂಕು ಕಡಿಮೆಯಾಗುವ ಹಿಂಭಾಗದಲ್ಲಿ ಕೂರಿಸಿ, ಅಲ್ಲಲ್ಲಿ ಮಾತ್ರ ಸಿಲಿಕೋನ್ ಚುಕ್ಕೆ ಇಟ್ಟು, ಮೇಲೆ ಪಾರದರ್ಶಕ ಫಿಲ್ಮ್ ಹೊದಿಸಿದೆ. ಎಲ್ಲ ಸೆಲ್‌ಗಳೂ ಸರಣಿಯಲ್ಲಿವೆ, ಅಂದರೆ ಒಂದೇ ಕರೆಂಟ್ ಒಂದರ ನಂತರ ಒಂದರಲ್ಲಿ ಹರಿಯುತ್ತದೆ. ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಕರೆಂಟ್ ಕುಸಿಯುತ್ತದೆ. ಅದಕ್ಕೇ ಆರಾರು ಸೆಲ್‌ಗೆ ಒಂದರಂತೆ, ನೆರಳಿನ ಗುಂಪನ್ನು ಬಳಸಿ ಕರೆಂಟ್ ದಾಟಿಸುವ ಬೈಪಾಸ್ ಡಯೋಡ್ ಹಾಕಿದ್ದೇನೆ.

24 ಅನ್ನುವ ಸಂಖ್ಯೆ ಸುಮ್ನೆ ಆರಿಸಿದ್ದಲ್ಲ. 24 ಸೆಲ್ ಸೇರಿ ಸುಮಾರು 13.9 ವೋಲ್ಟ್. ಸೆಲ್ ಬಿಸಿಯಾದಾಗ ಅದು 13ರ ಕೆಳಗಿಳಿಯುತ್ತದೆ. ಮೂರು ಲಿಥಿಯಂ ಅಯಾನ್ ಸೆಲ್‌ಗಳ ಬ್ಯಾಟರಿ ತುಂಬಿದಾಗ 12.6. ಕರೆಂಟ್ ಬ್ಯಾಟರಿಯಿಂದ ಪ್ಯಾನೆಲ್ಲಿಗೆ ಹಿಂದೆ ಹರಿಯದಂತೆ ನಡುವೆ ಒಂದು ಶಾಟ್ಕಿ ಡಯೋಡ್ ಸಾಕು, ಎರಡೂ ಚೆನ್ನಾಗಿ ಹೊಂದುತ್ತವೆ. ಪ್ಯಾನೆಲ್ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜನ್ನು ಹುಡುಕಿ ಅಲ್ಲೇ ಹಿಡಿಯುವ ಎಂಪಿಪಿಟಿ ಸರ್ಕ್ಯೂಟ್ ಹಾಕಿದರೆ ಇನ್ನಷ್ಟು ಶಕ್ತಿ ಹಿಂಡಬಹುದು ನಿಜ. ಆದರೆ ಅದರ ತೂಕ ಮತ್ತು ತಲೆನೋವಿಗೆ ಹೋಲಿಸಿದರೆ ಈ ಗಾತ್ರಕ್ಕೆ ನೇರ ಜೋಡಣೆಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರೊಪೆಲ್ಲರ್ ದೊಡ್ಡದು, ನಿಧಾನ ತಿರುಗುವಂಥದ್ದು, ಮಡಚಿಕೊಳ್ಳುವಂಥದ್ದು ಇರಲಿ.

ಹಾರಿಸುವಾಗ ನನ್ನ ಒಂದು ಕಣ್ಣು ಟೆಲಿಮೆಟ್ರಿಯ, ಅಂದರೆ ವಿಮಾನ ಕೆಳಗೆ ಕಳಿಸುವ ಅಳತೆಗಳ, ಆಂಪಿಯರ್ ಮೇಲೇ. ಬೆಳಿಗ್ಗೆ ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾನೆ ಅಂದುಕೊಳ್ಳಿ. ಮಟ್ಟಸವಾಗಿ ಹಾರುವ ರೆಕ್ಕೆಗೆ ನೇರ ಬಿಸಿಲಿನ ಅರ್ಧ ಮಾತ್ರ ಸಿಗುತ್ತದೆ. ಸೂರ್ಯನ ಕಡೆಗೆ 30 ಡಿಗ್ರಿ ವಾಲಿಸಿದರೆ ಶೇ. 87ಕ್ಕೆ ಏರುತ್ತದೆ. ಅಷ್ಟೇ ಆಚೆಗೆ ವಾಲಿಸಿದರೆ ನೇರ ಬಿಸಿಲು ಸೊನ್ನೆ! ಒಂದು ಸುತ್ತು ಹಾಕುವಷ್ಟರಲ್ಲಿ ಈ ಏರಿಳಿತ ಪರದೆಯ ಮೇಲೆ ಕಾಣುತ್ತದೆ. ಹಾಗಾಗಿ ಬೆಳಿಗ್ಗೆ ನಾನು ಬಿಗಿಯಾದ ಸುತ್ತು ಹಾಕುವುದಿಲ್ಲ. ಉದ್ದುದ್ದ ಹಾರಿಸಿ, ತುದಿಯಲ್ಲಿ ಚಪ್ಪಟೆಯಾಗಿ ತಿರುಗಿಸುತ್ತೇನೆ. ಮೋಡದ ಅಂಚು ದಾಟುವಾಗ ಕೆಲವು ಕ್ಷಣ ಕರೆಂಟ್ ಜಾಸ್ತಿಯಾಗುವುದನ್ನೂ ನೋಡಿದ್ದೇನೆ. ನೇರ ಬಿಸಿಲಿನ ಜೊತೆಗೆ ಮೋಡ ಚದುರಿಸಿದ ಬೆಳಕೂ ಬೀಳುವುದರಿಂದ ಹಾಗಾಗುತ್ತದೆ.

1974ರ ನವೆಂಬರ್ 4ರಂದು ರಾಬರ್ಟ್ ಬೌಚರ್ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸೋಲಾರ್ ವಿಮಾನ ‘ಸನ್‌ರೈಸ್’ ಹಾರಿಸಿದಾಗ 4096 ಸೆಲ್ ಬೇಕಾಗಿದ್ದವು, ಸಿಕ್ಕಿದ್ದು 450 ವಾಟ್. 2005ರಲ್ಲಿ ಅಲನ್ ಕೊಕೋನಿಯ ‘ಸೋಲಾಂಗ್’ 4.75 ಮೀಟರ್ ರೆಕ್ಕೆಯಲ್ಲೇ 48 ಗಂಟೆ ಹಾರಿತು. ಮೇಲೇಳುವ ಬಿಸಿಗಾಳಿಯನ್ನು ಹುಡುಕಿ ಹುಡುಕಿ ಬಳಸಿದ್ದೂ ಅದಕ್ಕೆ ನೆರವಾಯಿತು. ನಾನೂ ಅದನ್ನೇ ಮಾಡುತ್ತೇನೆ. ಬಿಸಿಗಾಳಿ ಸಿಕ್ಕಿದರೆ ಮೋಟಾರು ನಿಲ್ಲಿಸಿ ಸುತ್ತುತ್ತೇನೆ, ಆ ಹೊತ್ತಿಗೆ ಪ್ಯಾನೆಲ್ ಕೊಡುವುದೆಲ್ಲ ಬ್ಯಾಟರಿಗೆ.

ಇಲ್ಲೊಂದು ಎಚ್ಚರ. ಮೋಟಾರು ನಿಂತಿದ್ದರೂ ಪ್ಯಾನೆಲ್ ನಿಲ್ಲುವುದಿಲ್ಲ. ಹೊರೆ ಇಲ್ಲದಾಗ ಅದರ ವೋಲ್ಟೇಜ್ 16 ದಾಟುತ್ತದೆ, ಲಿಥಿಯಂ ಬ್ಯಾಟರಿಗೆ ಅದು ಅಪಾಯ. 12.6 ಮುಟ್ಟಿದ ಕೂಡಲೇ ಪ್ಯಾನೆಲ್ಲನ್ನು ಬೇರ್ಪಡಿಸುವ ಪುಟ್ಟ ಸರ್ಕ್ಯೂಟ್ ಇಟ್ಟಿದ್ದೇನೆ. ಬ್ಯಾಟರಿ ತುಂಬುತ್ತಾ ಬಂದರೆ ಥ್ರಾಟಲ್ ಕೊಟ್ಟು ಮೋಟಾರಿನ ವೇಗ ಹೆಚ್ಚಿಸಿ ಎತ್ತರಕ್ಕೆ ಏರಿಸುತ್ತೇನೆ, ಮಿಕ್ಕ ಶಕ್ತಿ ಎತ್ತರವಾಗಿ ಉಳಿಯುತ್ತದೆ. ನೆಲಕ್ಕಿಳಿದ ಮೇಲೆ ಮೊದಲು ರೆಕ್ಕೆಯ ಮೇಲೆ ದಪ್ಪ ಬಟ್ಟೆ, ಆಮೇಲೆ ಪ್ಯಾನೆಲ್ಲಿನ ಪ್ಲಗ್, ಕೊನೆಗೆ ಬ್ಯಾಟರಿ. ಈ ಕ್ರಮ ತಪ್ಪಿಸುವುದಿಲ್ಲ.